ಎದೆಬಡಿತ, ಕ್ಯಾಲ್ಸಿಯಂ ಮತ್ತು ಮೂರು ಗಂಟೆಯ ಕಾಯುವಿಕೆ
(ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಡಾಕ್ಟರ್ ಅಲ್ಲ. 11 ವರ್ಷದಿಂದ ಸೌದಿಯಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ನಿಮ್ಮ ರಕ್ತ ನನ್ನ ಕೈಗೆ ಬರುತ್ತದೆ, ಮುಖ ಕಾಣುವುದಿಲ್ಲ. ಆದರೆ ಕಳೆದ ವರ್ಷ ಒಂದು ರಾತ್ರಿ ಟ್ಯೂಬಿನ ಮೇಲಿನ ಹೆಸರು ಓದಿ ನನ್ನ ಕೈ ನಡುಗಿತು. ಪಕ್ಕದ ರೂಮಿನ ಕಾಕ, ಬಂಟ್ವಾಳ ಕಡೆಯವರು, ವಯಸ್ಸು 46. ಸಂಜೆಯಿಂದ ಎದೆ ಬಿಗಿತ, ಎಡ ಭುಜದಲ್ಲಿ ನೋವು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗಿದ್ದರಂತೆ. ಇಸಿಜಿಯಲ್ಲಿ ಏನೂ ಕಾಣಲಿಲ್ಲ. ನಾನು ಮಾಡಿದ ಮೊದಲ ಟ್ರೋಪೋನಿನ್ ಟೆಸ್ಟೂ ನಾರ್ಮಲ್. ಮೂರು ಗಂಟೆ ಬಿಟ್ಟು ಮತ್ತೊಮ್ಮೆ ರಕ್ತ ತೆಗೆಯಬೇಕು ಎಂದರು ಡಾಕ್ಟರ್. ಇವರು, ನಾಲ್ಕು ಗಂಟೆಗೆ ಕಂಪೆನಿ ಬಸ್ಸು ಬರುತ್ತದೆ ಎಂದು ಚಪ್ಪಲಿ ಹಾಕಿ ನಿಂತಿದ್ದರು.

ಆ ಮೂರು ಗಂಟೆ ಯಾಕೆ ಎಂದು ಹೇಳಲಿಕ್ಕೇ ನಾನು ಇವತ್ತು ಬಂದದ್ದು. ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

1880ರ ದಶಕದ ಆರಂಭದಲ್ಲಿ ಲಂಡನ್ನಿನ ಡಾಕ್ಟರ್ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟು ಪರೀಕ್ಷೆ ಮಾಡುತ್ತಿದ್ದರು. ಆಮೇಲೆ ಗೊತ್ತಾಯಿತು, ದ್ರಾವಣಕ್ಕೆ ಹಾಕಿದ್ದು ಡಿಸ್ಟಿಲ್ಡ್ ವಾಟರ್ ಅಲ್ಲ, ನಲ್ಲಿ ನೀರು! ಡಿಸ್ಟಿಲ್ಡ್ ನೀರು ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಹೃದಯ ನಿಂತು ಹೋಗುತ್ತಿತ್ತು. ಬಡಿಸುತ್ತಿದ್ದದ್ದು ನಲ್ಲಿ ನೀರಿನ ಕ್ಯಾಲ್ಸಿಯಂ. 1883ರಲ್ಲಿ ಅವರು ತಪ್ಪನ್ನು ಒಪ್ಪಿಕೊಂಡೇ ಬರೆದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಆರ್.ಎಲ್. ಬಾಟಲಿಯ 'ಆರ್' ಇದೇ ರಿಂಗರ್.

ಹೃದಯದ ಜೀವಕೋಶದ ಹೊರಗಿರುವ ಕ್ಯಾಲ್ಸಿಯಂ, ವಿಶ್ರಾಂತಿಯಲ್ಲಿರುವಾಗ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಪ್ರತಿ ಬಡಿತಕ್ಕೂ ಸಣ್ಣ ಬಾಗಿಲುಗಳು ತೆರೆದು ಸ್ವಲ್ಪ ಒಳಗೆ ನುಗ್ಗುತ್ತದೆ. ಅದೇ ಸಿಗ್ನಲ್. ಅದು ಸಿಕ್ಕ ಕೂಡಲೇ ಕೋಶದೊಳಗಿನ ಸ್ಟೋರಿನಿಂದ ಇನ್ನಷ್ಟು ಕ್ಯಾಲ್ಸಿಯಂ ಹೊರಬರುತ್ತದೆ. ಅದನ್ನು ಹಿಡಿದುಕೊಳ್ಳುವ ಪ್ರೋಟೀನಿನ ಹೆಸರು ಟ್ರೋಪೋನಿನ್. ಜಪಾನಿನ ಸೆಟ್ಸುರೊ ಎಬಾಶಿ 1960ರ ದಶಕದಲ್ಲಿ ಕಂಡುಹಿಡಿದದ್ದು. ಅದಕ್ಕೆ ಮೂರು ಭಾಗ: ಸಿ, ಐ, ಟಿ. 'ಸಿ' ಕ್ಯಾಲ್ಸಿಯಂ ಹಿಡಿಯುತ್ತದೆ. 'ಐ' ಸ್ನಾಯುವನ್ನು ತಡೆದು ನಿಲ್ಲಿಸುವ ಚಿಲಕ. 'ಟಿ' ಇವೆರಡನ್ನೂ ಸ್ನಾಯುವಿನ ಎಳೆಗೆ ಕಟ್ಟಿಡುತ್ತದೆ. ಕ್ಯಾಲ್ಸಿಯಂ ಬಂದು ಕೂತರೆ ಚಿಲಕ ಸರಿಯುತ್ತದೆ, ಹೃದಯ ಹಿಂಡುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ.

ರಕ್ತನಾಳ ಬ್ಲಾಕ್ ಆಗಿ ಕೋಶಗಳು ಸಾಯತೊಡಗಿದಾಗ ಈ ಟ್ರೋಪೋನಿನ್ ಸೋರಿ ರಕ್ತಕ್ಕೆ ಬರುತ್ತದೆ. ನಾವು ಲ್ಯಾಬಿನಲ್ಲಿ ಅಳೆಯುವುದು 'ಐ' ಅಥವಾ 'ಟಿ'. 'ಸಿ' ಯಾಕಲ್ಲ? ಕೈಕಾಲಿನ ಕೆಲವು ಸ್ನಾಯುಗಳಲ್ಲಿಯೂ ಅದೇ 'ಸಿ' ಇರುತ್ತದೆ. ದಿನವಿಡೀ ಸಿಮೆಂಟ್ ಚೀಲ ಹೊತ್ತು ಮೈಕೈ ನೋವಾದವನಿಗೂ ಹಾರ್ಟ್ ಅಟ್ಯಾಕ್ ಎಂದು ರಿಪೋರ್ಟ್ ಬಂದರೆ ಕಷ್ಟ.

ಆದರೆ ಸೋರಿದ್ದು ರಕ್ತದಲ್ಲಿ ಕಾಣಲು ಹೊತ್ತು ಬೇಕು. ನೋವು ಶುರುವಾದ ಕೂಡಲೇ ತೆಗೆದ ರಕ್ತದಲ್ಲಿ ಏನೂ ಸಿಗದೆ ಇರಬಹುದು. ಕಿಡ್ನಿ ಕಾಯಿಲೆ ಇದ್ದವರಲ್ಲಿ ಮೊದಲೇ ಹೆಚ್ಚಿರಬಹುದು. ಅದಕ್ಕೇ ಎರಡು ಸಲ ನೋಡುವುದು, ಏರುತ್ತಿದೆಯಾ ಅಂತ. ಇಸಿಜಿಯಲ್ಲೇ ಅಟ್ಯಾಕ್ ಸ್ಪಷ್ಟವಾಗಿ ಕಂಡರೆ ಇದಕ್ಕೆಲ್ಲ ಕಾಯುವುದಿಲ್ಲ, ನೇರ ಚಿಕಿತ್ಸೆ.

ಕಾಕನನ್ನು ಕೂರಿಸಿದ್ದು ನರ್ಸ್ ಒಬ್ಬರು, ಸ್ವಲ್ಪ ಗದರಿಸಿಯೇ. ಎರಡನೇ ಟ್ಯೂಬಿನ ಸಂಖ್ಯೆ ಹಲವು ಪಟ್ಟು ಏರಿತ್ತು. ಬೆಳಗಾಗುವಷ್ಟರಲ್ಲಿ ಸ್ಟೆಂಟ್ ಹಾಕಿ ಆಗಿತ್ತು. ಊರಿನಲ್ಲಿ ಉಮ್ಮನಿಗೆ ಒಂದು ವಾರ ಹೇಳಲೇ ಇಲ್ಲ. ಅವರು ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ನಗುತ್ತಾ ಕೂತಿದ್ದಾರೆ. ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಹಿಂಡಿದ ಹೃದಯ ಸಡಿಲವೂ ಆಗಬೇಕಲ್ಲ? ಒಂದು ಪಂಪ್ ಕ್ಯಾಲ್ಸಿಯಂನ್ನು ಸ್ಟೋರಿಗೆ ವಾಪಸ್ ತುಂಬಿಸುತ್ತದೆ. ಹಾರ್ಟ್ ಫೇಲ್ಯೂರಿನಲ್ಲಿ ಹೆಚ್ಚಾಗಿ ಈ ಪಂಪ್ ಸೋಲುತ್ತದೆ. ಆಗ ಸಡಿಲವಾಗುವುದೂ ನಿಧಾನ, ಸ್ಟೋರು ಖಾಲಿಯಾಗಿ ಮುಂದಿನ ಹಿಂಡುವಿಕೆಯೂ ದುರ್ಬಲ. ಮೆಟ್ಟಿಲು ಹತ್ತುವಾಗ ಏದುಸಿರು, ಪಾದದಲ್ಲಿ ನೀರು, ರಾತ್ರಿ ಎರಡು ದಿಂಬು ಇಲ್ಲದೆ ಮಲಗಲಾಗದು ಎಂದಾದರೆ ತೋರಿಸಿಕೊಳ್ಳಿ. ವಯಸ್ಸಾಯಿತು ಎಂದು ಬಿಡಬೇಡಿ.

ಬಿಪಿಗೆ ಆಮ್ಲೋಡಿಪಿನ್ ತಿನ್ನುವ ಒಬ್ಬರು, "ಅದು ಕ್ಯಾಲ್ಸಿಯಂ ನಿಲ್ಲಿಸುವ ಮಾತ್ರೆಯಂತೆ, ಹಾಲು ಬಿಡಬೇಕಾ?" ಎಂದು ಕೇಳಿದರು. ಬೇಡ. ಅದು ಮುಖ್ಯವಾಗಿ ರಕ್ತನಾಳದ ಗೋಡೆಯ ಕ್ಯಾಲ್ಸಿಯಂ ಬಾಗಿಲನ್ನು ತಡೆದು ನಾಳವನ್ನು ಸಡಿಲಿಸುತ್ತದೆ. ಹಾಲಿಗೂ ಅದಕ್ಕೂ ಜಗಳವಿಲ್ಲ. ಅದರಿಂದ ಕೆಲವರಿಗೆ ಕಾಲು ಊದುವುದುಂಟು. ಹಾಗಾದರೆ ಡಾಕ್ಟರಿಗೆ ಹೇಳಿ, ತಾವಾಗಿ ನಿಲ್ಲಿಸಬೇಡಿ. ರಜೆಯಲ್ಲಿ ಊರಿಗೆ ಹೋದಾಗ ಮಾತ್ರೆಗೂ ರಜೆ ಕೊಡುವವರು ನಮ್ಮಲ್ಲಿ ಬಹಳ ಮಂದಿ.

ಎದೆ ಬಿಗಿದಾಗ ತಾವೇ ಗಾಡಿ ಓಡಿಸಿಕೊಂಡು ಬರಬೇಡಿ. ಆಂಬುಲೆನ್ಸಿಗೆ ಸೌದಿಯಲ್ಲಿ 997, ಯುಎಇಯಲ್ಲಿ 998. ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ, ನಾನು ಕಾಯುತ್ತೇನೆ. ಆಮೇಲೆ ನಿಮ್ಮ ಪ್ರಶ್ನೆಗಳು.