ಸಂಜೆ ಏಳರ ಅಲೆ



ಕುಡಿತ ಬಿಟ್ಟು ಏಳು ತಿಂಗಳಾಗಿದ್ದ ನನ್ನ ಪರಿಚಯದವರೊಬ್ಬರು ಒಮ್ಮೆ ಹೇಳಿದರು: "ಹಗಲು ಹೇಗೋ ಕಳೆಯುತ್ತೆ, ಸಂಜೆ ಏಳು ಗಂಟೆ ದಾಟೋದೇ ಕಷ್ಟ." ಆ ಹೊತ್ತಿಗೆ ಸರಿಯಾಗಿ ಗಂಟಲು ಒಣಗುತ್ತದೆ, ದವಡೆ ಬಿಗಿಯುತ್ತದೆ. ಬಸ್ಸಿಳಿದ ಕಾಲು ತಾನಾಗಿ ಹಳೆಯ ಬೀದಿಯತ್ತ ತಿರುಗುತ್ತದೆ. "ಇವತ್ತೊಂದು ದಿನ, ಒಂದೇ ಒಂದು" ಎಂದು ಒಳಗಿನಿಂದ ಪಿಸುಮಾತು. ಮನಸ್ಸು ಗಟ್ಟಿ ಮಾಡಿಕೋ ಎನ್ನುತ್ತಾರೆ ಮನೆಯವರು. ಪಾಪ, ಹಲ್ಲುಕಚ್ಚಿ ತಡೆದಷ್ಟೂ ಆ ಸೆಳೆತ ಬಲಿಯುತ್ತಿತ್ತು.

ಚಟ ಬಿಟ್ಟವರು ಮತ್ತೆ ಯಾಕೆ ಜಾರುತ್ತಾರೆ ಎಂಬ ಪ್ರಶ್ನೆಯ ಬೆನ್ನುಹತ್ತಿದವರು ಅಮೆರಿಕದ ಸಿಯಾಟಲ್‌ನ ಮನಶ್ಶಾಸ್ತ್ರಜ್ಞ ಆಲನ್ ಮಾರ್ಲಾಟ್. ಸೆಳೆತವನ್ನು ಅವರು ಕಡಲ ಅಲೆಗೆ ಹೋಲಿಸಿದರು. ಅದು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಉಸಿರನ್ನೇ ಹಲಗೆ ಮಾಡಿಕೊಂಡು ಅದರ ಮೇಲೆ ತೇಲಿ ಎಂದರು. ಸಿಯಾಟಲ್‌ನ ಜೈಲೊಂದರಲ್ಲಿ ಉಸಿರನ್ನು ಗಮನಿಸುವ ಇಂಥದೇ ಅಭ್ಯಾಸದ, ಧ್ಯಾನಗುರು ಎಸ್.ಎನ್. ಗೋಯೆಂಕಾ ಪರಂಪರೆಯ ಹತ್ತು ದಿನಗಳ ವಿಪಶ್ಯನ ಧ್ಯಾನ ಶಿಬಿರ ನಡೆದಿತ್ತು. ಅದರಲ್ಲಿ ಕುಳಿತ ಕೈದಿಗಳು ಬಿಡುಗಡೆಯ ನಂತರ ಉಳಿದವರಿಗಿಂತ ಕಡಿಮೆ ಕುಡಿದರೆಂದು ಮಾರ್ಲಾಟ್ ತಂಡ 2006ರಲ್ಲಿ ಪ್ರಕಟಿಸಿತು. ಮುಂದೆ ಸಂಶೋಧಕರಾದ ಸಾರಾ ಬೋವೆನ್, ನೇಹಾ ಚಾವ್ಲಾ ಜೊತೆಗೂಡಿ ಅವರು ಎಂಟು ವಾರಗಳ ಧ್ಯಾನದ ಅಭ್ಯಾಸಕ್ರಮ ರೂಪಿಸಿದರು. 286 ಜನರ ಮೇಲೆ ನಡೆದ ಅದರ ಪರೀಕ್ಷೆಯ ಫಲ 2014ರಲ್ಲಿ ಬಂತು: ವರ್ಷದ ನಂತರವೂ ಈ ಅಭ್ಯಾಸ ಮಾಡಿದವರಲ್ಲಿ ಮಾದಕ ವಸ್ತು ಮುಟ್ಟಿದ ದಿನಗಳು, ವಿಪರೀತ ಕುಡಿದ ದಿನಗಳು ಉಳಿದವರಿಗಿಂತ ಕಡಿಮೆಯಿದ್ದವು.

ಮಾರ್ಲಾಟ್ ಹೇಳಿದ್ದರಲ್ಲಿ ನನಗೆ ಹೆಚ್ಚು ನಾಟಿದ್ದು ಇನ್ನೊಂದು. ಒಂದು ಲೋಟ ಕುಡಿದವನನ್ನು ಹತ್ತನೇ ಲೋಟಕ್ಕೆ ತಳ್ಳುವುದರಲ್ಲಿ ದೊಡ್ಡ ಪಾಲು "ಎಲ್ಲ ಹಾಳಾಯಿತು, ನಾನೇ ಕೆಟ್ಟವನು" ಎಂಬ ನಾಚಿಕೆಗೂ ಇದೆ. ಆ ನಾಚಿಕೆಯೂ ಒಂದು ಅಲೆಯೇ. ಜಾರಿದವರನ್ನು ಬಾಗಿಲಲ್ಲೇ ನಿಲ್ಲಿಸಿ ಹೀಯಾಳಿಸುವ ಮುನ್ನ ಮನೆಯವರು ಇದನ್ನು ನೆನೆಯಬೇಕು.

ಒಂದು ಎಚ್ಚರ. ದಿನವೂ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೈ ನಡುಗಬಹುದು, ಫಿಟ್ಸ್ ಬರಬಹುದು. ಅದಕ್ಕೆ ವೈದ್ಯರೇ ಬೇಕು, ಧ್ಯಾನ ಸಾಲದು. ಮಾತಾಡಲು ಯಾರೂ ಇಲ್ಲವೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ನನ್ನ ಪರಿಚಯದವರು ಈಗ ಬಸ್ಸಿಳಿದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಚಪ್ಪಲಿ ಕಳಚಿ ಪಾದ ನೆಲಕ್ಕೂರುತ್ತಾರೆ. ಗಂಟಲಲ್ಲಿ ಏನಾಗುತ್ತಿದೆ, ಎದೆಯಲ್ಲಿ ಏನಾಗುತ್ತಿದೆ ಎಂದು ನೋಡುತ್ತಾ ಉಸಿರಾಡುತ್ತಾರೆ. ಎರಡು ಬಸ್ಸು ಬಂದು ಹೋಗುತ್ತವೆ, ಕೆಲವು ಸಂಜೆ ನಾಲ್ಕು. ಆಮೇಲೆ ಎದ್ದು, ಪಕ್ಕದ ಗಾಡಿಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು, ಮನೆಯ ದಾರಿ ಹಿಡಿಯುತ್ತಾರೆ.