ನಮ್ಮ ಮನೆಯಿಂದ ಒಬ್ಬ ಗುರು
(ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬದ ಪ್ರಬೋಧನೆ)



ಆಗಸ್ಟ್ 4ರಂದು ಧರ್ಮಸಭೆಯು ಧರ್ಮಕೇಂದ್ರದ ಗುರುಗಳ ಪಾಲಕರಾದ ಸಂತ ವಿಯಾನ್ನಿಯವರನ್ನು ಸ್ಮರಿಸುತ್ತದೆ. ಅವರು ಬಾಲಕರಾಗಿದ್ದಾಗ ಫ್ರಾನ್ಸಿನಲ್ಲಿ ಕ್ರಾಂತಿ ನಡೆದಿತ್ತು. ಗುರುಗಳು ತಲೆಮರೆಸಿಕೊಂಡು ಪೂಜೆ ಅರ್ಪಿಸುತ್ತಿದ್ದ ಕಾಲವದು. ವಿಯಾನ್ನಿಯವರು ಪ್ರಥಮ ಪರಮಪ್ರಸಾದ ಸ್ವೀಕರಿಸಿದ್ದು ದೇವಾಲಯದಲ್ಲಲ್ಲ, ಒಂದು ಮನೆಯಲ್ಲಿ. ಒಳಗಿನ ಬೆಳಕು ಹೊರಗೆ ಕಾಣದಿರಲೆಂದು ಕಿಟಕಿಗಳ ಮುಂದೆ ಹುಲ್ಲಿನ ಗಾಡಿಗಳನ್ನು ನಿಲ್ಲಿಸಿದ್ದರು.

ಗುರುಗಳ ಕೊರತೆಯ ಮಾತು ಇಂದು ನಮ್ಮ ಬಂಗಾರಪೇಟೆ, ಕೆ.ಜಿ.ಎಫ್. ಕಡೆಯೂ ಪೂಜೆ ಮುಗಿದ ಮೇಲೆ ಕೇಳಿಬರುತ್ತದೆ. "ಸ್ವಾಮಿ, ಮದುವೆಯಾದವರಿಗೂ ಗುರುದೀಕ್ಷೆ ಕೊಡಬಾರದೇಕೆ?" ಕೇಳುವುದರಲ್ಲಿ ತಪ್ಪಿಲ್ಲ. ನೆರೆಯ ಸಿ.ಎಸ್.ಐ. ಸಭೆಯ ಪಾಸ್ಟರುಗಳನ್ನು ಹೆಂಡತಿ ಮಕ್ಕಳೊಡನೆ ನೀವು ನೋಡುತ್ತೀರಿ. ಪ್ರೇಷಿತ ಪೇತ್ರರಿಗೂ ಅತ್ತೆ ಇದ್ದರು. ಜ್ವರದಿಂದ ಮಲಗಿದ್ದ ಆಕೆಯನ್ನು ಯೇಸುಸ್ವಾಮಿ ಎಬ್ಬಿಸಿದರು. ಯುಕ್ರೇನಿನ ಕಥೋಲಿಕ ಸಭೆಯಲ್ಲಿ ಇಂದಿಗೂ ವಿವಾಹಿತರು ಗುರುಗಳಾಗುತ್ತಾರೆ. ನಮ್ಮ ಲತೀನ್ ಸಭೆಯಲ್ಲೋ, 1139ರ ಎರಡನೇ ಲಾತೆರನ್ ಮಹಾಸಭೆ ಗುರುಗಳ ವಿವಾಹ ಅಸಿಂಧುವೆಂದು ವಿಧಿಸಿತು. ಅದು ಸಭೆಯ ಶಿಸ್ತು, ವಿಶ್ವಾಸಸತ್ಯವಲ್ಲ.

2019ರಲ್ಲಿ ಅಮೆಜಾನ್ ಪ್ರದೇಶದ ಧರ್ಮಾಧ್ಯಕ್ಷರು ರೋಮಿನಲ್ಲಿ ಸೇರಿದಾಗ ಈ ವಿಷಯ ಮತಕ್ಕೆ ಬಂತು. ತಿಂಗಳುಗಟ್ಟಲೆ ಪೂಜೆಯಿಲ್ಲದ ಊರುಗಳಿಗಾಗಿ ಯೋಗ್ಯ ವಿವಾಹಿತರಿಗೆ ಗುರುದೀಕ್ಷೆ ಕೊಡಬಹುದೆಂದು 128 ಮಂದಿ, ಬೇಡವೆಂದು 41 ಮಂದಿ. ಮರುವರ್ಷ ಪೋಪ್ ಫ್ರಾನ್ಸಿಸರು ತಮ್ಮ ಪತ್ರದಲ್ಲಿ ಆ ಬಾಗಿಲನ್ನು ತೆರೆಯಲಿಲ್ಲ.

ಒಂದು ದಿನ ತೆರೆದೀತು ಎಂದಿಟ್ಟುಕೊಳ್ಳಿ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ನಮ್ಮ ಜನ. ಸಂಸಾರವಿರುವ ಗುರುವಿಗೆ ಮನೆ ಬೇಕು, ಮಕ್ಕಳಿಗೆ ಶಾಲಾ ಫೀಸು ಬೇಕು. ಭಾನುವಾರದ ಕಾಣಿಕೆಯಲ್ಲಿ ಅದು ನಡೆದೀತೇ, ಇಲ್ಲ ಅವರೂ ಅದೇ ರೈಲು ಹತ್ತಬೇಕೇ? ಇದು ಬೇಡವೆನ್ನಲು ಕಾರಣವಲ್ಲ. ನೆರೆಯ ಸಭೆಗಳು ಹೇಗೋ ನಿಭಾಯಿಸುತ್ತಿವೆ. ಆದರೆ ಲೆಕ್ಕ ಹಾಕದೆ ಕೇಳುವುದೂ ಸರಿಯಲ್ಲ.

ರೋಮ್ ತೀರ್ಮಾನಿಸುವುದನ್ನು ರೋಮ್ ತೀರ್ಮಾನಿಸಲಿ. ಮನೆಗೆ ಒಬ್ಬನೇ ಮಗ. ಗುರುಮಠಕ್ಕೆ ಹೋಗುತ್ತೇನೆಂದರೆ "ಮೊದಲು ಡಿಪ್ಲೊಮಾ ಮುಗಿಸು" ಎನ್ನುತ್ತೇವೆ. ದೂಷಿಸುವ ಮಾತಲ್ಲ, ಮನೆ ನಡೆಯಬೇಕಲ್ಲ! ವಿಯಾನ್ನಿಯವರ ತಂದೆಯೂ ಮೊದಲು ಒಪ್ಪಲಿಲ್ಲ, ಹೊಲಕ್ಕೆ ಕೈ ಬೇಕಿತ್ತು. ಆಮೇಲೆ ಕಳುಹಿಸಿಕೊಟ್ಟರು. ಲತೀನ್ ತಲೆಗೆ ಹತ್ತದ ಆ ಮಗ 1818ರಲ್ಲಿ ಆರ್ಸ್ ಎಂಬ ಪುಟ್ಟ ಹಳ್ಳಿಗೆ ಹೋಗಿ, ಕೊನೆಯವರೆಗೂ ಅಲ್ಲೇ ಇದ್ದು, ದಿನಕ್ಕೆ 16 ಗಂಟೆಯವರೆಗೂ ಪಾಪನಿವೇದನೆ ಕೇಳಿದರು.

ಇನ್ನೊಂದು ಮಾತು. ಹಬ್ಬದಲ್ಲಿ ನೀವು ಹಾಕುವ ಹೂಮಾಲೆ ಗುರುಗಳಾದ ನಮಗೆ ಸಂತೋಷವೇ. ಆದರೆ ಮರುದಿನ ರಾತ್ರಿ ಗುರುನಿವಾಸದಲ್ಲಿ ತಟ್ಟೆಯ ಮುಂದೆ ಕೂರುವುದು ಒಬ್ಬರೇ. ಈ ವಾರ ಯಾರಾದರೂ ಊಟಕ್ಕೆ ಕರೆಯಿರಿ. ಇದ್ದ ಸಾರು ಸಾಕು. ಮಗನನ್ನೂ ಪಕ್ಕದಲ್ಲಿ ಕೂರಿಸಿ, ಕೇಳಬೇಕಾದ್ದನ್ನು ಅವನೇ ಕೇಳಲಿ.