ಹಸುಳೆಯ ಹಿಮ್ಮಡಿಯಿಂದ ಒಂದು ಹನಿ ರಕ್ತ

ಮಗು ಹುಟ್ಟಿತೆಂದೊಡನೆ ತೂಕವೆಷ್ಟು, ಚೆನ್ನಾಗಿ ಅತ್ತಿತೇ, ಹಾಲು ಕುಡಿಯಿತೇ ಎಂದು ವಿಚಾರಿಸುತ್ತೇವೆ. ಇವೆಲ್ಲ ಸರಿಯಾಗಿದ್ದರೂ ಕೆಲವು ಹಸುಳೆಗಳ ದೇಹದಲ್ಲಿ ಕಣ್ಣಿಗೆ ಕಾಣದ ಕೊರತೆಯೊಂದು ಅಡಗಿರಬಹುದು. ಉಂಡದ್ದನ್ನು ದೇಹ ಬಳಸಿಕೊಳ್ಳಲು ನೂರಾರು ಕಿಣ್ವಗಳು ಬೇಕು. ಅವುಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದಿದ್ದರೆ, ಖರ್ಚಾಗಬೇಕಾದ ವಸ್ತು ರಕ್ತದಲ್ಲಿ ಶೇಖರವಾಗಿ ಮಿದುಳಿಗೆ ನಂಜಾಗಬಹುದು. ಗ್ಯಾಲಕ್ಟೊಸೀಮಿಯ ಎಂಬ ರೋಗದಲ್ಲಿ ತಾಯಿಯ ಹಾಲಿನ ಸಕ್ಕರೆಯೇ ಮಗುವಿಗೆ ಒಗ್ಗದು.

ಮಿದುಳು ಒಮ್ಮೆ ಕೆಟ್ಟರೆ ಪೂರ್ತಿ ಸರಿಹೋಗುವುದಿಲ್ಲ. ಆದ್ದರಿಂದ ಲಕ್ಷಣ ಕಾಣುವ ಮುನ್ನವೇ ರೋಗವನ್ನು ಹಿಡಿಯಬೇಕು. ಅಮೆರಿಕದ ಡಾ. ರಾಬರ್ಟ್ ಗಥ್ರಿ 1960ರ ದಶಕದ ಮೊದಲಲ್ಲಿ ಇದಕ್ಕೊಂದು ಸುಲಭೋಪಾಯ ಕಂಡುಹಿಡಿದರು: ಹಿಮ್ಮಡಿಯನ್ನು ಚುಚ್ಚಿ, ಕೆಲವು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವುದು. ಅವರು ಮೊದಲು ಹುಡುಕಿದ್ದು ಫಿನೈಲ್‌ಕೀಟೋನ್ಯೂರಿಯ ಎಂಬ ಒಂದು ರೋಗವನ್ನು. 1990ರ ದಶಕದಿಂದ ಈ ಕೆಲಸಕ್ಕೆ ಬಂದ ಟ್ಯಾಂಡಂ ಮಾಸ್ ಸ್ಪೆಕ್ಟ್ರಾಮೀಟರ್ ಯಂತ್ರ ಅಂಥದೇ ಚುಕ್ಕೆಯಿಂದ 30ಕ್ಕೂ ಹೆಚ್ಚು ರೋಗಗಳ ಸುಳಿವು ಕೊಡುತ್ತದೆ.

ನಮ್ಮ ನಾಡಿಗೂ ಇದು ಹೊಸತಲ್ಲ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಸುಮಾರು ಒಂದು ಲಕ್ಷ ಶಿಶುಗಳ ರಕ್ತ ಪರೀಕ್ಷಿಸಿದರು. ಆ ಶಿಶುಗಳ ತಂದೆತಾಯಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಜೋಡಿ ರಕ್ತಸಂಬಂಧಿಗಳು. ಅವರಲ್ಲಿ ಅಕ್ಕನ ಮಗಳನ್ನು ತಂದುಕೊಂಡವರೇ ಹೆಚ್ಚು. ಇಂತಹ ರೋಗಗಳಲ್ಲಿ ಬಹುಪಾಲು, ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗಲೇ ತಲೆದೋರುತ್ತವೆ. ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಪ್ರತಿ ಬಸಿರಿನಲ್ಲೂ ರೋಗದ ಸಂಭವ ನಾಲ್ಕರಲ್ಲೊಂದು. ಸೊಸೆಯೊಬ್ಬಳನ್ನೇ ದೂರುವವರು ಇದನ್ನು ನೆನಪಿಡಬೇಕು.

ತೊಡಕುಗಳೂ ಉಂಟು. ರಕ್ತ ತೆಗೆಯಲು ತಕ್ಕ ಕಾಲ ಹುಟ್ಟಿದ ಎರಡು, ಮೂರನೆಯ ದಿನ. ಕೆಲವು ಬಾಣಂತಿಯರು ಅಷ್ಟರಲ್ಲಿ ಮನೆಗೆ ಹೊರಟಿರುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಹೆತ್ತವಳು ಹೊಸಕೋಟೆಯ ತವರಿಗೆ ಹೋದರೆ ಪರೀಕ್ಷೆಯ ಫಲಿತಾಂಶ ಅವಳನ್ನು ಹುಡುಕಿಕೊಂಡು ಹೋಗಬೇಕು. ಮೊದಲ ಪರೀಕ್ಷೆ ಹೇಳುವುದು ಅನುಮಾನವನ್ನಷ್ಟೇ. ಇನ್ನೊಂದು ಪರೀಕ್ಷೆ ಅದನ್ನು ಖಚಿತಪಡಿಸಬೇಕು. ಕೆಲವು ರೋಗಗಳಿಗೆ ಬೇಕಾದ ವಿಶೇಷ ಆಹಾರ ದುಬಾರಿ. ಆದರೆ ಇದೇ ರಕ್ತದಿಂದ ಪತ್ತೆಯಾಗುವ ಥೈರಾಯ್ಡ್ ಕೊರತೆಗೆ ದಿನಕ್ಕೊಂದು ಅಗ್ಗದ ಗುಳಿಗೆ ಸಾಕು; ಮೊದಲ ಎರಡು ವಾರಗಳಲ್ಲೇ ತೊಡಗಿದರೆ ಮಗು ಸಾಮಾನ್ಯವಾಗಿ ಎಲ್ಲರಂತೆ ಬೆಳೆಯುತ್ತದೆ.

ಹೆರಿಗೆಗೆ ಮುಂಚೆಯೇ ಈ ಪರೀಕ್ಷೆಯ ವಿಷಯವನ್ನು ವೈದ್ಯರಲ್ಲಿ ಕೇಳಿ. ಸಂಬಂಧದಲ್ಲೇ ಮದುವೆಯಾಗಿದ್ದರೆ, ಹಿಂದೆ ಕಾರಣ ತಿಳಿಯದೆ ಮಗುವೊಂದು ತೀರಿಕೊಂಡಿದ್ದರೆ, ಮುಚ್ಚಿಡದೆ ಹೇಳಿ. ಬಾಣಂತಿ ಇರುವ ಮನೆಯ ವಿಳಾಸವನ್ನೂ ಫೋನ್ ನಂಬರನ್ನೂ ತಪ್ಪದೆ ಬರೆಸಿ.